ಕೋಲಾರದ ಲೇವಡಿ, ಸೂರತ್‌ನ ತೀರ್ಪು: ಪ್ರಚಾರದ ನಗೆಮಾತು ಮತ್ತು ಅನರ್ಹತೆ

2019ರ ಏಪ್ರಿಲ್ 13, ಕೋಲಾರದ ಚುನಾವಣಾ ಸಭೆ. ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಹೆಸರೆತ್ತಿದ ರಾಹುಲ್ ಗಾಂಧಿ, ಈ ಕಳ್ಳರಿಗೆಲ್ಲ ಮೋದಿ ಅನ್ನುವ ಹೆಸರೇ ಯಾಕೆ ಎಂದು ಲೇವಡಿ ಮಾಡಿದರು. ದೂರು ಕೊಟ್ಟದ್ದು ಈ ಮೂವರಲ್ಲ, ಗುಜರಾತಿನ ಶಾಸಕ ಪೂರ್ಣೇಶ್ ಮೋದಿ.

ಅದು ಸಾಧ್ಯವಾದದ್ದು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಮಾನಹಾನಿ ಕಲಂ 499ರ ಎರಡನೇ ವಿವರಣೆಯಿಂದ: ಒಂದು ಗುಂಪಿನ ಬಗ್ಗೆ ಆಡಿದ ಮಾತೂ ಮಾನಹಾನಿ ಆಗಬಹುದು. ವ್ಯಕ್ತಿಯನ್ನು ಚುಚ್ಚಿದರೆ ನೊಂದವನು ಒಬ್ಬ. ಮನೆತನದ ಹೆಸರನ್ನೇ ಚುಚ್ಚಿದರೆ ಎಷ್ಟು ಮಂದಿ ಎಂದು ಲೆಕ್ಕ ಹಾಕುವವರಾರು? 499ಕ್ಕೆ ಹತ್ತು ವಿನಾಯಿತಿಗಳಿವೆ. ‘ತಮಾಷೆಗೆ ಅಂದೆ’ ಎಂಬುದು ಅವುಗಳಲ್ಲಿಲ್ಲ. ಭಾಷಣದ ಕರಡಿನಲ್ಲಿ ನಗೆಮಾತಿನ ಪಕ್ಕ ‘ಎಲ್ಲ’ ಕಂಡರೆ ಅಲ್ಲೇ ಕೆಂಪು ಗೆರೆ ಎಳೆಯಿರಿ.

ಮುಗ್ಗರಿಸುವ ಜಾಗ

2023ರ ಮಾರ್ಚ್ 23ರಂದು ಸೂರತ್ ಕೋರ್ಟ್ 2 ವರ್ಷ ಜೈಲು ವಿಧಿಸಿತು. ಅಂದೇ ಜಾಮೀನು ಸಿಕ್ಕಿತು, ಶಿಕ್ಷೆ 30 ದಿನ ಅಮಾನತಾಯಿತು. ಆದರೂ ಮರುದಿನ ವಯನಾಡ್‌ನ ಸಂಸದ ಸ್ಥಾನ ಹೋಯಿತು! ಶಿಕ್ಷೆಯೇ ಅಮಾನತಾಗಿರುವಾಗ ಅನರ್ಹತೆ ಎಲ್ಲಿಂದ ಬಂತು?

‘ದೋಷಿ’ ಎಂಬ ನಿರ್ಣಯ ಬೇರೆ, ಶಿಕ್ಷೆ ಬೇರೆ. ಅಮಾನತು ಜೈಲಿಗೆ ಹೋಗುವುದನ್ನಷ್ಟೇ ತಡೆಯುತ್ತದೆ; ದೋಷಿ ಎಂಬ ನಿರ್ಣಯ ಹಾಗೇ ಇರುತ್ತದೆ. ಜನಪ್ರತಿನಿಧಿ ಕಾಯ್ದೆಯ ಕಲಂ 8(3) ನೋಡುವುದು ಎರಡನ್ನೇ: ದೋಷಿಯೇ? ವಿಧಿಸಿದ್ದು 2 ವರ್ಷ ಅಥವಾ ಹೆಚ್ಚೇ? ಹೌದಾದರೆ ನಿರ್ಣಯದ ದಿನದಿಂದಲೇ ಅನರ್ಹ, ಬಿಡುಗಡೆಯ ನಂತರ ಇನ್ನೂ 6 ವರ್ಷ. ಮೇಲ್ಮನವಿಗೆಂದು ಹಾಲಿ ಸದಸ್ಯರಿಗಿದ್ದ 3 ತಿಂಗಳ ರಕ್ಷಣೆ, ಅಂದರೆ 8(4), ಸುಪ್ರೀಂ ಕೋರ್ಟಿನ 2013ರ ಲಿಲಿ ಥಾಮಸ್ ತೀರ್ಪಿನಲ್ಲಿ ಬಿದ್ದುಹೋಯಿತು. ಹಾಗಾಗಿ ಸ್ಥಾನ ಉಳಿಯಬೇಕಾದರೆ ದೋಷಿ ಎಂಬ ನಿರ್ಣಯಕ್ಕೇ ತಡೆ ಬೇಕು.

ಇನ್ನೊಂದು ಸೂಕ್ಷ್ಮ, ನನಗೆ ಬಲು ಇಷ್ಟವಾದದ್ದು. ಮಾನಹಾನಿಗೆ ಶಿಕ್ಷೆ ಹೇಳುವ ಐಪಿಸಿ 500ರ ಗರಿಷ್ಠ ಶಿಕ್ಷೆ 2 ವರ್ಷ. 8(3)ರ ಕನಿಷ್ಠ ಮಿತಿಯೂ 2 ವರ್ಷ. ಒಂದರ ಸೂರು ಇನ್ನೊಂದರ ನೆಲ. ಒಂದೇ ದಿನ ಕಡಿಮೆ ವಿಧಿಸಿದ್ದರೂ ಸ್ಥಾನ ಹೋಗುತ್ತಿರಲಿಲ್ಲ. 2023ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಇದನ್ನೇ ಹಿಡಿಯಿತು: ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ ಎಂದು ದೋಷಿ ನಿರ್ಣಯಕ್ಕೆ ತಡೆ ಕೊಟ್ಟಿತು. ಆಡಿದ ಮಾತು ಸದಭಿರುಚಿಯದ್ದಲ್ಲ ಎಂದೂ ಹೇಳಿತು. ಆಗಸ್ಟ್ 7ಕ್ಕೆ ಸದಸ್ಯತ್ವ ಮರಳಿತು.

ಚುನಾವಣಾ ನೀತಿಸಂಹಿತೆಯ ಪ್ರಕಾರ ಟೀಕೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಸೀಮಿತ. ಅದು ಶಾಸನವಲ್ಲ, ಇಷ್ಟು ನೆನಪಿದ್ದರೆ ಸಾಕು.

2024ರ ಜುಲೈ 1ರಿಂದ ಮಾನಹಾನಿ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 356ಕ್ಕೆ ಬಂದಿದೆ. ಸಮುದಾಯ ಸೇವೆ ಹೊಸ ಆಯ್ಕೆ. ಗರಿಷ್ಠ ಮಾತ್ರ ಅದೇ 2 ವರ್ಷ.