ಎರಡನೇ ಕಾರ್ಡು, ನಿನ್ನೆಯ ಹೆಪ್ಪು

ಕಳೆದ ತಿಂಗಳು ಅಕ್ಕನ ಮಗ ಮೈಸೂರಿನಿಂದ ಮಂಡ್ಯಕ್ಕೆ ಬಂದಿದ್ದ. ಕಾರಿನ ಹಿಂದಿನ ಸೀಟಲ್ಲಿ ಬೆಡ್‌ಶೀಟ್ ಸುತ್ತಿದ ಸಿಪಿಯು. ಅದರಲ್ಲಿ ಅವನದ್ದೊಂದು ಜಿಟಿಎಕ್ಸ್ 1070 ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಮೇಲಿನ ಚಿತ್ರ ಬಿಡಿಸುವ ಭಾಗ, ಇದೆ. ಅಂಥದ್ದೇ ಇನ್ನೊಂದನ್ನು ಸ್ನೇಹಿತನ ಹತ್ತಿರ ಎರಡು ದಿನಕ್ಕೆ ಇಸ್ಕೊಂಡು ಬಂದಿದ್ದ. ಚೆನ್ನಾಗಿದ್ದರೆ ಕೊಂಡುಕೊಳ್ಳುವ ಮಾತಾಗಿತ್ತಂತೆ. ಯಾವುದೋ ಅಂಗಡಿಯವರು ಅವನ ತಲೆಗೆ ಒಂದು ಲೆಕ್ಕ ತುಂಬಿ ಕಳಿಸಿದ್ದರು.

"ಮಾವ, ಎಂಟು ಜಿಬಿ, ಎಂಟು ಜಿಬಿ, ಸೇರಿದ್ರೆ ಹದಿನಾರು. ಸ್ಪೀಡೂ ಡಬಲ್. ಅಲ್ವಾ?"

"ಅಲ್ಲ ಕಣೋ."

ಈ ಲೆಕ್ಕ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹುಡುಗರು ಕೂಡಿಟ್ಟ ದುಡ್ಡು ಇದನ್ನು ನಂಬಿ ಹೋಗುತ್ತದೆ. ಮೊದಲು ಮೆಮೊರಿ ವಿಷಯ ಮುಗಿಸಿಬಿಡೋಣ. ಗೇಮ್ ಆಡುವಾಗ ಎರಡೂ ಕಾರ್ಡಿನಲ್ಲಿ ಅದೇ ಗೋಡೆ, ಅದೇ ಮರ, ಅದೇ ಮುಖಗಳ ಚಿತ್ರ ತುಂಬಿರಬೇಕು. ಒಂದೇ ಪಾಠದ ಪುಸ್ತಕದ ಎರಡು ಪ್ರತಿ ಇದ್ದ ಹಾಗೆ. ಪ್ರತಿ ಎರಡಾದರೂ ಪಾಠ ಅಷ್ಟೇ. ಎಂಟಕ್ಕೆ ಎಂಟು ಸೇರಿದರೂ ಗೇಮಿಗೆ ಸಿಗುವುದು ಎಂಟೇ.

ಸ್ಪೀಡಿನ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಯಾಕೆಂದರೆ ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು.

1998ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿ ವೂಡೂ 2 ಅನ್ನುವ ಕಾರ್ಡ್ ತಂದಿತು. ಎರಡು ವೂಡೂ 2 ಹಾಕಿ ನಡುವೆ ಒಂದು ಪಟ್ಟಿ ಕೇಬಲ್ ಕಟ್ಟಿದರೆ, ಪರದೆಯ ಬೆಸ ಗೆರೆಗಳನ್ನು ಒಂದು ಕಾರ್ಡ್, ಸಮ ಗೆರೆಗಳನ್ನು ಇನ್ನೊಂದು ಕಾರ್ಡ್ ಬಿಡಿಸುತ್ತಿತ್ತು. ಒಂದೇ ಕಾರ್ಡಿದ್ದರೆ ಚಿತ್ರ 800x600 ಪಿಕ್ಸೆಲ್ (ಪರದೆಯ ಚುಕ್ಕಿ) ದಾಟುತ್ತಿರಲಿಲ್ಲ, ಎರಡಿದ್ದರೆ 1024x768. ಇದಕ್ಕೆ ಅವರಿಟ್ಟ ಹೆಸರು ಸ್ಕ್ಯಾನ್ ಲೈನ್ ಇಂಟರ್‌ಲೀವ್, ಅಂದರೆ ಎಸ್‌ಎಲ್‌ಐ. 2000ದ ಕೊನೆಗೆ ಆ ಕಂಪನಿಯ ಆಸ್ತಿಯನ್ನು ಇನ್ನೊಂದು ಗ್ರಾಫಿಕ್ಸ್ ಕಂಪನಿ ಎನ್ವಿಡಿಯಾ ಕೊಂಡಿತು. 2004ರಲ್ಲಿ ಅದೇ ಮೂರು ಅಕ್ಷರಗಳನ್ನು ಮತ್ತೆ ತಂದಿತು, ಆದರೆ ಬಿಡಿಸಿ ಹೇಳುವಾಗ ಈಗ ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್. ಹೆಸರು ಒಂದೇ, ಕೆಲಸ ಹಂಚುವ ರೀತಿ ಬೇರೆ. ಮರುವರ್ಷ ಇದೇ ಥರ ಕಾರ್ಡುಗಳನ್ನು ಜೋಡಿಸುವ, ಎಟಿಐ ಕಂಪನಿಯ ಕ್ರಾಸ್‌ಫೈರ್ ಬಂತು.

ವೂಡೂ ಕಾಲದಲ್ಲಿ ಅದು ಯಾಕೆ ನಡೆಯಿತು ಅನ್ನುವುದು ನಮ್ಮ ಕಡೆಯ ಆಲೆಮನೆ ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ಅಕ್ಕಪಕ್ಕ ಎರಡು ಆಲೆಮನೆ. ಇವರಿಗೊಂದು ಗಾಡಿ ಕಬ್ಬು, ಅವರಿಗೊಂದು ಗಾಡಿ. ನಿಮ್ಮ ಕೊಪ್ಪರಿಗೆಯಲ್ಲಿ ಪಾಕ ಎಷ್ಟು ಹದಕ್ಕೆ ಬಂತು ಅಂತ ಇವರು ಅವರನ್ನು ಕೇಳಬೇಕಾಗಿಲ್ಲ. ಸಂಜೆಗೆ ಬೆಲ್ಲ ಎರಡು ಪಟ್ಟು. ಒಂದನೇ ಗೆರೆ ಬಿಡಿಸುವವನಿಗೆ ಎರಡನೇ ಗೆರೆಯ ಸುದ್ದಿ ಬೇಡವಾಗಿತ್ತು, ಅಷ್ಟೇ.

ಆಮೇಲೆ ಹೆಚ್ಚಾಗಿ ನಡೆದ ಪದ್ಧತಿಯಲ್ಲಿ ಗೆರೆಗಳ ಬದಲು ಇಡೀ ಚಿತ್ರವನ್ನೇ ಸರದಿಯಂತೆ ಹಂಚಿದರು. ಗೇಮ್ ಅಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು, ಅಂದರೆ ಫ್ರೇಮುಗಳು. 1, 3, 5ನೇ ಫ್ರೇಮ್ ಮೊದಲ ಕಾರ್ಡಿಗೆ. 2, 4, 6 ಎರಡನೆಯದಕ್ಕೆ.

ಇಲ್ಲೊಂದು ತೊಡಕು ಮೊದಲಿಂದಲೂ ಇತ್ತು. ಸೆಕೆಂಡಿಗೆ 60 ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡಿಗೆ ಒಂದು ಬರಬೇಕು. ಎರಡು ಕಾರ್ಡುಗಳ ಸರದಿ ಸರಿಯಾಗಿ ಕೂಡದೆ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಮುಂದಿನದು 28ಕ್ಕೆ, ಮತ್ತೆ 5ಕ್ಕೆ ಬಂದರೆ? ಮಂಡ್ಯದಿಂದ ಮೈಸೂರಿಗೆ ಗಂಟೆಗೆ ಆರು ಬಸ್ಸು ಅಂತಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಂದರೆ ಸರಿ. ಎರಡೆರಡು ಬಸ್ಸು ಒಂದರ ಬಾಲ ಒಂದು ಹಿಡಿದು ಬಂದುಬಿಟ್ಟರೆ, ಲೆಕ್ಕದಲ್ಲಿ ಆಗಲೂ ಗಂಟೆಗೆ ಆರೇ. ಸ್ಟ್ಯಾಂಡಲ್ಲಿ ನಿಂತವರು ಮಾತ್ರ ಇಪ್ಪತ್ತು ನಿಮಿಷ ಕಾಯಬೇಕು. ಪರದೆಯ ಮೂಲೆಯಲ್ಲಿ 60 ಅಂತ ಬರೆದಿರುತ್ತದೆ, ಕಣ್ಣಿಗೆ ಮಾತ್ರ 35ರ ಹಾಗೆ ತಡವರಿಸುತ್ತದೆ. ಇದಕ್ಕೆ ಮೈಕ್ರೋ ಸ್ಟಟರ್ ಅನ್ನುತ್ತಾರೆ. ಸರಾಸರಿ ನೋಡಿ ಕಾರ್ಡ್ ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಆದರೂ ಇದನ್ನು ತಕ್ಕಮಟ್ಟಿಗೆ ಸರಿಪಡಿಸಿದ್ದರು. ಸರಿಪಡಿಸಲು ಕಷ್ಟವಾದದ್ದು ಇನ್ನೊಂದು. ನನಗೆ ತುಂಬಾ ಇಷ್ಟವಾದ ಭಾಗವೂ ಅದೇ.

ಮೊದಲೆಲ್ಲ ಗೇಮುಗಳು ಬಹುಮಟ್ಟಿಗೆ ಪ್ರತಿ ಫ್ರೇಮನ್ನೂ ಖಾಲಿ ಹಾಳೆಯಿಂದ ಶುರು ಮಾಡುತ್ತಿದ್ದವು. ಈಗಿನ ಗೇಮುಗಳು ಹಾಗೆ ಮಾಡುವುದಿಲ್ಲ. ವಸ್ತುಗಳ ಅಂಚು ಗರಗಸದ ಹಲ್ಲಿನಂತೆ ಕಾಣದಿರಲಿ ಅಂತ ಟಿಎಎ ಅನ್ನುವ ಉಪಾಯ ಬಳಸುತ್ತವೆ. ಕ್ಯಾಮೆರಾವನ್ನು ಪ್ರತಿ ಫ್ರೇಮಿಗೂ ಒಂದು ಪಿಕ್ಸೆಲ್‌ಗಿಂತ ಕಡಿಮೆ ದೂರ ಆಚೀಚೆ ಸರಿಸುತ್ತಾರೆ. ಪ್ರತಿ ಪಿಕ್ಸೆಲ್ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಅಂತ ಹುಡುಕುತ್ತಾರೆ. ಅಲ್ಲಿನ ಬಣ್ಣ ತಂದು ಇಂದಿನ ಬಣ್ಣದ ಜೊತೆ ಬೆರೆಸುತ್ತಾರೆ. ಸಾಮಾನ್ಯವಾಗಿ ಹೊಸದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದೆಲ್ಲ ಹಳೆಯದು.

ಇದು ಮೊಸರಿನ ಹಾಗೆ. ರಾತ್ರಿ ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ನಿನ್ನೆಯ ಮೊಸರು ಒಂದು ಚಮಚ ಹಾಕುತ್ತೇವೆ. ಆ ಹೆಪ್ಪಿಲ್ಲದೆ ಇಂದಿನ ಮೊಸರಿಲ್ಲ. ಈಗ ಸೋಮವಾರ ನಿಮ್ಮ ಮನೆ, ಮಂಗಳವಾರ ಪಕ್ಕದ ಮನೆ ಅಂತ ಸರದಿ ಹಾಕಿಕೊಳ್ಳಿ. ನಿಮ್ಮದು ಗಟ್ಟಿಯಾಗುವ ತನಕ ಅವರು ಹೆಪ್ಪು ಹಾಕುವ ಹಾಗಿಲ್ಲ. ಅವರ ಮನೆಯಲ್ಲಿ ಪಾತ್ರೆ ಎಷ್ಟು ದೊಡ್ಡದಿದ್ದರೇನು, ಹಾಲು ಎಷ್ಟಿದ್ದರೇನು? ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯಬೇಕು. ಹಾಲು ಕಾಯಿಸುವ ಕೆಲಸ ಮಾತ್ರ ಮೊದಲೇ ಮಾಡಿಟ್ಟುಕೊಳ್ಳಬಹುದು.

ಅದೂ ಅಲ್ಲದೆ ಮೊಸರಿಗೆ ಒಂದು ಚಮಚ ಸಾಕು. ಇಲ್ಲಿ ಸಾಗಿಸಬೇಕಾದದ್ದು ಇಡೀ ಪಾತ್ರೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 8 ಬೈಟ್ ಹಿಡಿದರೆ ಒಂದು ಫ್ರೇಮು 66 ಎಂಬಿ. ಸೆಕೆಂಡಿಗೆ 60 ಸಲ ಅಂದರೆ ಹತ್ತಿರಹತ್ತಿರ 4 ಜಿಬಿ, ಈ ಕಾರ್ಡಿನಿಂದ ಆ ಕಾರ್ಡಿಗೆ. ಇದೂ ಹೆಪ್ಪಿನ ಒಂದು ಬಟ್ಟಲು ಮಾತ್ರ. ನೆರಳು, ಪ್ರತಿಬಿಂಬ ಎಲ್ಲಕ್ಕೂ ಹಳೇ ಫ್ರೇಮಿನ ಮಾಹಿತಿ ಬೇಡುವ ಗೇಮುಗಳಿವೆ. ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡುವ ಉಪಾಯಗಳಾದ 2020ರ ಡಿಎಲ್‌ಎಸ್‌ಎಸ್ 2, 2022ರ ಎಫ್‌ಎಸ್‌ಆರ್ 2 ಎರಡೂ ನಿಂತಿರುವುದು ಹಳೇ ಫ್ರೇಮುಗಳ ಮೇಲೆಯೇ.

ಹಾಗಾಗಿ ಎರಡನೇ ಕಾರ್ಡಿಗೆ ಶಕ್ತಿ ಸಾಲಲಿಲ್ಲ ಅಂತಲ್ಲ. ಚಿತ್ರ ಬಿಡಿಸುವ ಕೆಲಸವೇ ಒಂದಕ್ಕೊಂದು ಅಂಟಿಕೊಂಡಿತು. ಪ್ರತಿ ಗೇಮಿಗೂ ಕೆಲಸ ಹೀಗೆ ಹಂಚು ಅಂತ ಕಾರ್ಡಿನ ಡ್ರೈವರಿಗೆ (ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ) ಬೇರೆ ಬೇರೆ ಬರೆದು ಕೊಡಬೇಕಿತ್ತು. 2021ರ ಜನವರಿ 1ರಿಂದ ಹೊಸದಾಗಿ ಬರೆಯುವುದನ್ನು ಎನ್ವಿಡಿಯಾ ನಿಲ್ಲಿಸಿತು. ಅವರ 2022ರ ಆರ್‌ಟಿಎಕ್ಸ್ 4090 ಕಾರ್ಡಿಗೆ ಇನ್ನೊಂದನ್ನು ಜೋಡಿಸುವ ಕೊಂಡಿಯೇ ಇಲ್ಲ.

ಹುಡುಗ ಮಾತಿಗೆ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಮಾಡಿಯೇ ನೋಡೋಣ ಅಂದೆ. ಊಟದ ಟೇಬಲ್ ಮೇಲೆ ಸಿಪಿಯು ಮಲಗಿಸಿ ಎರಡನೇ ಕಾರ್ಡ್ ಕೂರಿಸಿ, ಎರಡಕ್ಕೂ ಕೊಂಡಿ ಹಾಕಿದೆವು. ಎರಡರ ನಡುವೆ ಒಂದು ಬೆರಳು ತೂರುವಷ್ಟೇ ಜಾಗ. ನೆಟ್ಟಗೆ ನಿಲ್ಲಿಸಿದಾಗ ಮೇಲಿನ ಕಾರ್ಡಿನ ಫ್ಯಾನ್, ಕೆಳಗಿನದರ ಬೆನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳಬೇಕು. ಹಳೇ ಗೇಮ್ ಹಾಕಿದ. ಫ್ರೇಮು ಏರಿತು, ಅವನ ಮುಖ ಅರಳಿತು. ಇತ್ತೀಚಿನ ಗೇಮ್ ಹಾಕಿದ. ಕೆಳಗಿನ ಕಾರ್ಡಿನ ಫ್ಯಾನ್ ತಿರುಗಲೇ ಇಲ್ಲ. ಕೆಲಸವಿಲ್ಲದ ಕಾರ್ಡ್ ತಣ್ಣಗೇ ಇತ್ತು. ಅವನು ಬಗ್ಗಿ ನೋಡಿದ, ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಬಗ್ಗಿ ನೋಡಿದ.

"ಕಾಲೇಜ್ ಪ್ರಾಜೆಕ್ಟಿಗೆ ಬ್ಲೆಂಡರಲ್ಲಿ ಏನೋ ಮಾಡ್ತಿದ್ದೆಯಲ್ಲ, ಅದನ್ನ ಹಾಕು" ಅಂದೆ.

ಬ್ಲೆಂಡರ್ ಅಂದರೆ ಅನಿಮೇಷನ್ ಮಾಡುವ ಸಾಫ್ಟ್‌ವೇರ್. ಅಲ್ಲಿ ಬೆಳಕಿನ ಒಂದೊಂದು ಕಿರಣವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ದೃಶ್ಯ ಪೂರ್ತಿ ಎರಡೂ ಕಾರ್ಡಿನಲ್ಲಿ ಇರಬೇಕು ನಿಜ, ಆದರೆ ಈ ಪಿಕ್ಸೆಲ್‌ಗೆ ಆ ಪಿಕ್ಸೆಲ್ ಮುಗಿಯುವುದನ್ನು ಕಾಯುವ ಗೋಜಿಲ್ಲ. ಆಲೆಮನೆಯ ಕೆಲಸ. ಕೊಂಡಿಯೂ ಬೇಡ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆವು. ಸೆಟ್ಟಿಂಗ್ಸಲ್ಲಿ ಎರಡೂ ಕಾರ್ಡಿಗೆ ಟಿಕ್ ಹಾಕಿ ರೆಂಡರ್ ಒತ್ತಿದ. ಸ್ವಲ್ಪ ಹೊತ್ತಿಗೆ ಕೆಳಗಿನ ಫ್ಯಾನ್ ಒಮ್ಮೆ ನಡುಗಿ ತಿರುಗಲು ಶುರುವಾಯಿತು.

ಮರುದಿನ ಕಾರ್ಡನ್ನು ಸ್ನೇಹಿತನಿಗೆ ವಾಪಸ್ ಕೊಡುವುದಿತ್ತು. ರಾತ್ರಿಯೆಲ್ಲ ಎದ್ದು ಅನಿಮೇಷನ್ ಮುಗಿಸಿಕೊಂಡೇ ಹೊರಟ.