ನೋವು ಇಳಿದರೆ ಕೀಲು ಉಳಿದಂತೆಯೇ?

ಈ ಭಾನುವಾರದ ಓದಿಗೆ ನನ್ನ ಪಾಲಿಗೆ ಬಂದದ್ದು ರುಮಟಾಯ್ಡ್ ಆರ್ಥ್ರೈಟಿಸ್‌ನ ಔಷಧಿಗಳು. ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊತ ತರುವ ಕಾಯಿಲೆ ಇದು. ಪುಣೆಯಲ್ಲಿ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದುವ ನಾವು ಐದು ಜನ ಕನ್ನಡದವರು. ಪುಸ್ತಕ ಇಂಗ್ಲಿಷಿನಲ್ಲಿ, ವಾರ್ಡಿನ ಮಾತು ಮರಾಠಿಯಲ್ಲಿ. ಕನ್ನಡದಲ್ಲಿ ಒಂದು ಸಲ ಹೇಳಿಕೊಂಡರೆ ಮಾತ್ರ ವಿಷಯ ತಲೆಯಲ್ಲಿ ಕೂರುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಮ್ಮ ಚಿಕ್ಕಮ್ಮನಿಂದ ಶುರು ಮಾಡುತ್ತೇನೆ. ಅವರು ವಿಜಯಪುರದವರು, ಮದುವೆಯಾಗಿ ಹಡಪಸರಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ದಿನಾ ಜೋಳದ ರೊಟ್ಟಿ ಬಡಿಯುವ ಕೈ. ಆ ಕೈ ಮುಂಜಾನೆ ಮುಷ್ಟಿ ಕಟ್ಟಲು ಬರದ ಹಾಗಾಯಿತು. ಬಿಸಿನೀರಲ್ಲಿ ಕೈ ಇಟ್ಟುಕೊಂಡು ಒಂದು ತಾಸು ಕೂತ ಮೇಲೆಯೇ ಹಿಟ್ಟು ನಾದಲು ಆಗುತ್ತಿತ್ತು. ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಒಂದೂವರೆ ವರ್ಷ ಬರೀ ನೋವಿನ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ದಿನ ನೋವು ಇಳಿಯುತ್ತಿತ್ತು. ವಾಸಿಯಾಗುತ್ತಿದೆ ಅಂತ ಮನೆಯವರೆಲ್ಲ ನಂಬಿದ್ದೆವು.

ಆಮೇಲೆ ರುಮಟಾಲಜಿ ಡಾಕ್ಟರ ಹತ್ತಿರ ಹೋದಾಗ ಕೈಯ ಜೊತೆ ಪಾದದ ಎಕ್ಸ್‌ರೇ ಕೂಡ ತೆಗೆಸಿದರು. ಕಾಲು ನೋಯುತ್ತಲೇ ಇಲ್ಲವಲ್ಲ, ಸುಮ್ನೆ ಯಾಕೆ ಅಂತ ಚಿಕ್ಕಮ್ಮ ಕೇಳಿದರು. ನಾನು ಆ ಫಿಲಂ ಅನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದೆ. ಪಾದದ ಕಿರುಬೆರಳಿನ ಬುಡದಲ್ಲಿ, ಮೂಳೆಯ ತಲೆಯ ಹೊರ ಅಂಚಿನಲ್ಲಿ, ಒಂದು ಸಣ್ಣ ಗುಳಿ. ಹಲ್ಲಲ್ಲಿ ಕಚ್ಚಿ ಬಿಟ್ಟ ಕೊಬ್ಬರಿ ಚೂರಿನ ಅಂಚಿನ ಹಾಗಿತ್ತು. ಈ ರೋಗದಲ್ಲಿ ಮೂಳೆ ಮೊದಲು ಸವೆಯುವ ಜಾಗಗಳಲ್ಲಿ ಈ ಕಿರುಬೆರಳಿನ ಬುಡ ಒಂದು. ಎಷ್ಟೋ ಸಲ ಕೈಯ ಫಿಲಂ ಚೆನ್ನಾಗಿಯೇ ಇರುತ್ತದೆ, ಪಾದದಲ್ಲಿ ಮಾತ್ರ ಗುಳಿ ಕಾಣುತ್ತದೆ. ಪರೀಕ್ಷೆಗೂ ಇದನ್ನು ನೆನಪಿಟ್ಟುಕೊಳ್ಳಿ.

ನೋವು ಇಳಿಯುತ್ತಿದ್ದಾಗಲೇ ಮೂಳೆ ಹೇಗೆ ಸವೆಯಿತು? ಇದು ಅರ್ಥವಾದರೆ ಔಷಧಿಗಳ ಅಧ್ಯಾಯ ಅರ್ಧ ಮುಗಿದ ಹಾಗೆ.

ಕೀಲಿನ ಒಳಗೆ ಸೈನೋವಿಯಂ ಅನ್ನುವ ತೆಳು ಪೊರೆ ಇದೆ. ಚೆನ್ನಾಗಿದ್ದಾಗ ಅದರ ಒಳಪದರ ಒಂದೆರಡು ಜೀವಕೋಶದಷ್ಟೇ ದಪ್ಪ. ಈ ರೋಗದಲ್ಲಿ ಅದು ಉಬ್ಬಿ ದಪ್ಪವಾಗಿ ಮೂಳೆಯ ಮೇಲೆ ಹಬ್ಬುತ್ತದೆ. ಹಾಗೆ ಹಬ್ಬಿದ ಪೊರೆಗೆ ಪ್ಯಾನಸ್ ಅಂತ ಹೆಸರು. ಪೊರೆ ಮೂಳೆಗೆ ಅಂಟುವ ಕಡೆ ಒಂದು ಸಣ್ಣ ಪಟ್ಟಿಯಷ್ಟು ಜಾಗಕ್ಕೆ ಕಾರ್ಟಿಲೇಜಿನ, ಅಂದರೆ ಮೂಳೆಯ ತುದಿಯ ನುಣುಪಾದ ಮೆತ್ತೆಯ, ಹೊದಿಕೆ ಇರುವುದಿಲ್ಲ. ಗುಳಿ ಶುರುವಾಗುವುದು ಅಲ್ಲೇ. ಉಬ್ಬಿದ ಪೊರೆಯಿಂದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶಗಳು ಹೊರಡುತ್ತವೆ. ಅವು ರ‍್ಯಾಂಕ್-ಎಲ್ ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡುತ್ತವೆ. ರ‍್ಯಾಂಕ್-ಎಲ್ ಜಾಸ್ತಿಯಾದರೆ ಆಸ್ಟಿಯೋಕ್ಲಾಸ್ಟ್, ಅಂದರೆ ಮೂಳೆ ಕರಗಿಸುವ ಜೀವಕೋಶ, ಜಾಸ್ತಿಯಾಗುತ್ತದೆ. ಇತ್ತ ಕಾರ್ಟಿಲೇಜನ್ನು ಬೇರೆ ಕಿಣ್ವಗಳು ತಿನ್ನುತ್ತವೆ. ಹಾಗಾಗಿ ಫಿಲಂನಲ್ಲಿ ಎರಡು ಗುರುತು ಹುಡುಕಬೇಕು. ಮೂಳೆಯ ಗುಳಿ ಒಂದು, ಎರಡು ಮೂಳೆಗಳ ನಡುವಿನ ಜಾಗ ಕಿರಿದಾಗುವುದು ಇನ್ನೊಂದು.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಇವೆಲ್ಲ ನೋವಿನ ಮಾತ್ರೆಗಳು. ನೋವು, ಊತ ತರುವ ಪ್ರೋಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕದ ತಯಾರಿಯನ್ನು ತಡೆಯುತ್ತವೆ. ನೋವು, ಬಿಗಿತ ಇಳಿಯುತ್ತದೆ. ಟಿಎನ್‌ಎಫ್‌ನಿಂದ ಆಸ್ಟಿಯೋಕ್ಲಾಸ್ಟ್ ತನಕ ಮೇಲೆ ಹೇಳಿದ ಸರಪಳಿ ಮಾತ್ರ ನಿಲ್ಲುವುದಿಲ್ಲ. ಚಿಕ್ಕಮ್ಮನ ಒಂದೂವರೆ ವರ್ಷ ಕಳೆದದ್ದು ಹೀಗೆ. ಒಮ್ಮೆ ಬಿದ್ದ ಗುಳಿ ತುಂಬಿ ಬರುವುದು ತೀರಾ ಅಪರೂಪ. ಇದನ್ನು ಓದುವಾಗ ನನಗೆ ನಿಜವಾಗಿ ಸಂಕಟವಾಯಿತು.

ಈಗ ಅಳತೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇದನ್ನು ಬಿಟ್ಟರೆ ಮುಂದಿನ ಯಾವ ಸಂಖ್ಯೆಯೂ ಅರ್ಥವಾಗುವುದಿಲ್ಲ. ಶಾರ್ಪ್ ಅನ್ನುವ ಅಮೆರಿಕದ ವೈದ್ಯರು 1971ರಲ್ಲಿ ಎಕ್ಸ್‌ರೇಗೆ ಅಂಕ ಹಾಕುವ ಕ್ರಮ ತಂದರು. ನೆದರ್ಲೆಂಡ್ಸಿನ ವ್ಯಾನ್ ಡರ್ ಹೈಡೆ ಅದನ್ನು ತಿದ್ದಿ ಪಾದಗಳನ್ನೂ ಸೇರಿಸಿದರು. ಗುಳಿಗಳಿಗೆ ಒಟ್ಟು 280 ಅಂಕ. ಕೈಯಲ್ಲಿ ಪ್ರತಿ ಜಾಗಕ್ಕೆ 5ರವರೆಗೆ, ಪಾದದಲ್ಲಿ ಪ್ರತಿ ಕೀಲಿಗೆ 10ರವರೆಗೆ. ಜಾಗ ಕಿರಿದಾದದ್ದಕ್ಕೆ 168. ಕೂಡಿಸಿದರೆ 448. ಇಲ್ಲಿ ಅಂಕ ಜಾಸ್ತಿಯಾದರೆ ಕೆಟ್ಟದ್ದು. ಔಷಧಿ ಕೀಲು ಉಳಿಸುತ್ತದೆ ಅಂತ ಯಾರಾದರೂ ಹೇಳಿದರೆ, ಒಂದು ವರ್ಷದಲ್ಲಿ ಈ ಅಂಕ ಎಷ್ಟು ಏರಿತು ಅಂತ ಕೇಳಬೇಕು. ನೋವಿನ ಅಂಕ ಬೇರೆ ಲೆಕ್ಕ.

ರೋಗವನ್ನೇ ಹತ್ತಿಕ್ಕುವ ಔಷಧಿಗಳಲ್ಲಿ ಮೆಥೊಟ್ರೆಕ್ಸೇಟ್ ಈ ಅಧ್ಯಾಯದ ಬೆನ್ನೆಲುಬು. ಸಣ್ಣ ಡೋಸ್ ಈ ರೋಗಕ್ಕೆ ಕೆಲಸ ಮಾಡುತ್ತದೆ ಅಂತ 1985ರ ಪ್ರಯೋಗಗಳು ತೋರಿಸಿದವು. 1988ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ವಾರಕ್ಕೆ ಒಂದೇ ದಿನ ಕೊಡುವ ಔಷಧಿ ಇದು. ಚಿಕ್ಕಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರಕ್ಕೆ ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದಾರೆ. ತಪ್ಪಿ ದಿನಾ ತಗೊಂಡರೆ ಮೂಳೆಮಜ್ಜೆ ಕುಸಿದು ಜೀವಕ್ಕೇ ಅಪಾಯ. ಫಾರ್ಮಸಿಯವರು ಚೀಟಿ ಮೇಲೆ ದಿನದ ಹೆಸರು ಬರೆದು, ಬಾಯಲ್ಲೂ ಹೇಳಿ ಕಳಿಸಬೇಕು. ಜೊತೆಗೆ ಫೋಲಿಕ್ ಆ್ಯಸಿಡ್, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಬಸುರಿಯರಿಗೆ ಕೊಡುವಂತಿಲ್ಲ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೇ "ಏನೂ ಉಪಯೋಗ ಇಲ್ಲ" ಅಂತ ಬಿಡುವವರು ಎಷ್ಟು ಜನ ಅಲ್ವಾ?

ಸಲ್ಫಸಲಜಿನ್, ಲೆಫ್ಲುನಮೈಡ್ ಕೂಡ ಸವೆತವನ್ನು ನಿಧಾನ ಮಾಡುತ್ತವೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಒಂದೇ ಕೊಟ್ಟರೆ ಮೂಳೆಯ ಮಟ್ಟಿಗೆ ಬಲ ಕಡಿಮೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಬಗ್ಗೆ ನನಗೆ ತಪ್ಪು ತಿಳಿವಳಿಕೆ ಇತ್ತು, ಅದು ಬರೀ ಊತ ಇಳಿಸುತ್ತದೆ ಅಂದುಕೊಂಡಿದ್ದೆ. ದಿನಕ್ಕೆ 7.5 ಮಿಲಿಗ್ರಾಂ ಎರಡು ವರ್ಷ ಕೊಟ್ಟರೆ ಹೊಸ ಗುಳಿಗಳು ಕಡಿಮೆ ಅಂತ 1995ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಆದರೆ ವರ್ಷಗಟ್ಟಲೆ ಕೊಟ್ಟರೆ ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮೈಯ ಮೂಳೆಯೆಲ್ಲ ತೆಳುವಾಗುತ್ತದೆ. ಅದಕ್ಕೇ ಮೆಥೊಟ್ರೆಕ್ಸೇಟ್ ಕೆಲಸ ಹಿಡಿಯುವ ತನಕ ಆಸರೆಯಾಗಿ ಕೊಟ್ಟು, ಬೇಗ ಇಳಿಸುತ್ತಾರೆ.

ಇನ್ನು ಬಯೋಲಾಜಿಕ್‌ಗಳು, ಅಂದರೆ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸುವ ಪ್ರೋಟೀನ್ ಔಷಧಿಗಳು. ಮೆಥೊಟ್ರೆಕ್ಸೇಟ್ ತಗೊಂಡೂ ಊತ ಇಳಿಯದ 428 ಜನರ ಮೇಲೆ ಅಟ್ರ್ಯಾಕ್ಟ್ ಅನ್ನುವ ಪ್ರಯೋಗ ನಡೆಯಿತು. ಫಲಿತಾಂಶ ಬಂದದ್ದು 2000ದಲ್ಲಿ. ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್ ಒಂದೇ ಮುಂದುವರಿಸಿದರು. ಉಳಿದವರಿಗೆ ಅದರ ಜೊತೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರು. 54 ವಾರಕ್ಕೆ ಮೊದಲ ಗುಂಪಿನ ಅಂಕ ಸರಾಸರಿ 7.0 ಏರಿತು, ಎರಡನೆಯವರದು 0.6. ಇನ್ನೂ ದೊಡ್ಡ ಸುದ್ದಿ ಒಳಗಡೆ ಇತ್ತು. ಇನ್‌ಫ್ಲಿಕ್ಸಿಮ್ಯಾಬ್ ತಗೊಂಡೂ ನೋವು, ಊತ ಅಷ್ಟಾಗಿ ಇಳಿಯದವರಲ್ಲಿ ಕೂಡ ಸವೆತ ತೀರಾ ಕಡಿಮೆ ಇತ್ತು. ನೋವು ಹಾಗೇ ಇದೆ, ಮೂಳೆ ಮಾತ್ರ ಉಳಿದಿದೆ. ಚಿಕ್ಕಮ್ಮನ ಕತೆಯ ತಿರುಗುಮುರುಗು.

ಇದಕ್ಕೆ ಇನ್ನೂ ಒಂದು ಪುರಾವೆ ಡೆನೊಸುಮ್ಯಾಬ್. ಅದು ರ‍್ಯಾಂಕ್-ಎಲ್ ಒಂದನ್ನೇ ತಡೆಯುತ್ತದೆ. ಈ ರೋಗಿಗಳಿಗೆ ಕೊಟ್ಟಾಗ ಗುಳಿ ಬೀಳುವುದು ಕಡಿಮೆಯಾಯಿತು. ಊತ ಇಳಿಯಲಿಲ್ಲ, ಕಾರ್ಟಿಲೇಜೂ ಉಳಿಯಲಿಲ್ಲ. ಮೂಳೆಯ ದಾರಿ ಒಂದು, ಕಾರ್ಟಿಲೇಜಿನ ದಾರಿ ಒಂದು, ಊತದ ದಾರಿ ಇನ್ನೊಂದು ಅನ್ನುವುದು ನನಗೆ ಹೊಳೆದದ್ದು ಈ ಔಷಧಿ ಓದಿದ ಮೇಲೆಯೇ.

2006ರ ಪ್ರೀಮಿಯರ್ ಪ್ರಯೋಗ ಬೇರೆ ಥರ. ರೋಗ ಶುರುವಾಗಿ ಮೂರು ವರ್ಷ ದಾಟದ, ಮೆಥೊಟ್ರೆಕ್ಸೇಟ್ ಹಿಂದೆ ತಗೊಂಡಿರದ 799 ಜನ. ಎರಡು ವರ್ಷಕ್ಕೆ ಮೆಥೊಟ್ರೆಕ್ಸೇಟ್ ಒಂದೇ ತಗೊಂಡವರ ಅಂಕ 10.4 ಏರಿತು. ಟಿಎನ್‌ಎಫ್ ತಡೆಯುವ ಇನ್ನೊಂದು ಇಂಜೆಕ್ಷನ್ ಅಡಾಲಿಮುಮ್ಯಾಬ್ ಒಂದೇ ತಗೊಂಡವರದು 5.5, ಎರಡನ್ನೂ ತಗೊಂಡವರದು 1.9. ದುಬಾರಿ ಇಂಜೆಕ್ಷನ್ ಶುರುವಾಯಿತು, ಇನ್ನು ಹಳೇ ಮಾತ್ರೆ ಯಾಕೆ ಅಂತ ರೋಗಿ ಕೇಳಿದರೆ ನಮ್ಮ ಉತ್ತರ ಈ ಮೂರು ಸಂಖ್ಯೆಗಳಲ್ಲಿದೆ.

ಆದರೆ ಇವು ಸರಾಸರಿ. ಸರಾಸರಿ ನೋಡಿ ಎಲ್ಲರಿಗೂ ಐದು ಅಂಕ ಏರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನವರಲ್ಲಿ ಬದಲಾವಣೆ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಕೆಲವರಲ್ಲಿ ಮಾತ್ರ ಜೋರಾಗಿ ಏರಿ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಆ ಕೆಲವರು ಯಾರು? ರಕ್ತದಲ್ಲಿ ಈ ರೋಗದ ಗುರುತಾದ ಆ್ಯಂಟಿ-ಸಿಸಿಪಿ, ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಪ್ರತಿಕಾಯಗಳು ಜಾಸ್ತಿ ಇರುವವರು, ಊತವನ್ನು ತೋರಿಸುವ ಸಿಆರ್‌ಪಿ ಏರಿಯೇ ಇರುವವರು, ಮೊದಲ ಫಿಲಂನಲ್ಲೇ ಗುಳಿ ಇರುವವರು, ಬೀಡಿ ಸಿಗರೇಟು ಸೇದುವವರು. ಬಯೋಲಾಜಿಕ್ ಬೇಗ ಬೇಕಾಗುವುದು ಹೆಚ್ಚಾಗಿ ಇವರಿಗೇ.

ಎಲ್ಲರಿಗೂ ಅದು ಬೇಕೇ ಬೇಕು ಅಂತೇನಿಲ್ಲ. 2013ರ ರಕಾಟ್ ಪ್ರಯೋಗದಲ್ಲಿ 353 ಜನ ಇದ್ದರು, ಎಲ್ಲರೂ ಮೆಥೊಟ್ರೆಕ್ಸೇಟ್ ಸಾಲದವರು. ಅರ್ಧ ಜನಕ್ಕೆ ಸಲ್ಫಸಲಜಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸಿ ಮೂರು ಮಾತ್ರೆ ಮಾಡಿದರು. ಇನ್ನರ್ಧಕ್ಕೆ ಟಿಎನ್‌ಎಫ್ ತಡೆಯುವ ಎಟನರ್ಸೆಪ್ಟ್ ಇಂಜೆಕ್ಷನ್ ಸೇರಿಸಿದರು. 24 ವಾರಕ್ಕೆ ಎರಡೂ ಗುಂಪಿನಲ್ಲಿ ಗುಣ ಕಾಣದವರನ್ನು ಇನ್ನೊಂದು ಗುಂಪಿನ ಔಷಧಿಗೆ ಬದಲಾಯಿಸಿದರು. 48 ವಾರಕ್ಕೆ ರೋಗದ ಬಿಸಿಯಲ್ಲೂ ಎಕ್ಸ್‌ರೇ ಅಂಕದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ಔಷಧಿ ತಗೊಳ್ಳುವ ನಮ್ಮ ಜನಕ್ಕೆ ಇದು ತುಂಬಾ ಮುಖ್ಯವಾದ ಪ್ರಯೋಗ ಅಂತ ನನಗನ್ನಿಸುತ್ತದೆ. ಚಿಕ್ಕಮ್ಮ ಈಗ ಇರುವುದೂ ಈ ಮೂರು ಮಾತ್ರೆಯ ಮೇಲೆಯೇ. ಇಂಜೆಕ್ಷನ್ನಿನ ಬೆಲೆಯೂ ಮೊದಲಿನಷ್ಟಿಲ್ಲ. ಅಡಾಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರ್, ಅಂದರೆ ಬೇರೆ ಕಂಪನಿ ತಯಾರಿಸುವ ಅದರ ಹತ್ತಿರದ ನಕಲು, 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದದ್ದು ನಮ್ಮ ದೇಶದಲ್ಲೇ, ಅಹಮದಾಬಾದಿನ ಝೈಡಸ್‌ನಿಂದ.

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು, ಕ್ಷಯ. ಮೈಯಲ್ಲಿ ಮಲಗಿರುವ ಟಿಬಿ ಕ್ರಿಮಿಯನ್ನು ಗ್ರ್ಯಾನ್ಯುಲೋಮಾ ಅನ್ನುವ ಜೀವಕೋಶಗಳ ಗಂಟಿನೊಳಗೆ ಕಟ್ಟಿಹಾಕಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಕ್ರಿಮಿ ಎದ್ದು ಬರಬಹುದು. ಹಾಗಾಗಿ ಇಂಜೆಕ್ಷನ್ನಿಗೆ ಮೊದಲು ಎದೆಯ ಎಕ್ಸ್‌ರೇ, ಜೊತೆಗೆ ಮಲಗಿರುವ ಟಿಬಿ ಹುಡುಕುವ ಮಾಂಟು (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ ಕಡ್ಡಾಯ. ಟೊಫಾಸಿಟಿನಿಬ್ ಥರದ ಮಾತ್ರೆಗಳೂ ಸವೆತ ತಡೆಯುತ್ತವೆ. ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ, ಹೃದಯದ ತೊಂದರೆ ಇರುವವರಿಗೆ ಅವನ್ನು ಯೋಚಿಸಿ ಕೊಡುತ್ತಾರೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಗ್ಲಾಸ್ಗೋದ ಟಿಕೋರಾ ಪ್ರಯೋಗ, 2004ರದು. ಅಲ್ಲಿ ಹೊಸ ಔಷಧಿಯೇ ಇರಲಿಲ್ಲ. ಒಂದು ಗುಂಪನ್ನು ತಿಂಗಳಿಗೊಮ್ಮೆ ಕರೆದು, ಊದಿದ ಕೀಲು ಎಣಿಸಿ, ರೋಗ ಇನ್ನೂ ಬಿಸಿ ಇದ್ದರೆ ಅವತ್ತೇ ಔಷಧಿ ಏರಿಸಿದರು. ಇನ್ನೊಂದು ಗುಂಪು ಎಂದಿನಂತೆ ಮೂರು ತಿಂಗಳಿಗೊಮ್ಮೆ ಬಂತು. ಹದಿನೆಂಟು ತಿಂಗಳಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 65 ಜನರ ರೋಗ ತಣ್ಣಗಾಗಿತ್ತು, ಎರಡನೆಯದರಲ್ಲಿ 16 ಜನರದು. ಗುಳಿಗಳೂ ಮೊದಲ ಗುಂಪಿನಲ್ಲೇ ಕಡಿಮೆ. ಅದೇ ಹಳೇ ಮಾತ್ರೆಗಳು, ಎಣಿಸುವ ಶ್ರದ್ಧೆ ಮಾತ್ರ ಜಾಸ್ತಿ! ಇವತ್ತಿನ ಯುರೋಪಿನ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ, ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ, ಚಿಕಿತ್ಸೆ ಬದಲಿಸಬೇಕು.

ಪುಣೆಯಿಂದ ಸೋಲಾಪುರದ ಹೈವೇ ಹಿಡಿದರೆ ಭಿಗವಣ ಸಿಗುತ್ತದೆ. ನಾವು ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ಹೋಗಿದ್ದೆವಲ್ಲ, ಅದೇ ಊರು. 1996ರಲ್ಲಿ ಪುಣೆಯ ವೈದ್ಯರ ತಂಡ ಅಲ್ಲಿ ಮನೆಮನೆಗೆ ಹೋಗಿ ಕೀಲುನೋವಿನ ಸಮೀಕ್ಷೆ ಶುರು ಮಾಡಿತು. ದೊಡ್ಡವರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಸಿಕ್ಕಿದ್ದು ಸುಮಾರು ನೂರಕ್ಕೆ ಅರ್ಧ, ಅಂದರೆ ಇನ್ನೂರು ಜನರಲ್ಲಿ ಒಬ್ಬರು. ನಮ್ಮ ಓಪಿಡಿ ಸಾಲಿನಲ್ಲೂ ಅವರು ನಿಂತಿರುತ್ತಾರೆ. ಮುಂಜಾನೆಯ ಬಿಗಿತ ಎಷ್ಟು ಹೊತ್ತು ಇರುತ್ತದೆ, ಎಷ್ಟು ವಾರದಿಂದ ಇದೆ ಅಂತ ಕೇಳಲು ನಮ್ಮಲ್ಲಿ ಯಾರಿಗೂ ಡಿಗ್ರಿ ಸಿಗುವ ತನಕ ಕಾಯಬೇಕಾಗಿಲ್ಲ.

ಚಿಕ್ಕಮ್ಮನ ಎರಡನೇ ಫಿಲಂ ಹೋದ ತಿಂಗಳು ಬಂತು, ಮೊದಲನೆಯದಾದ ಸರಿಯಾಗಿ ಒಂದು ವರ್ಷಕ್ಕೆ. ಎರಡನ್ನೂ ಅದೇ ಕಿಟಕಿಗೆ ಅಕ್ಕಪಕ್ಕ ಹಿಡಿದೆ. ಕಿರುಬೆರಳಿನ ಗುಳಿ ಹಾಗೇ ಇದೆ, ನನ್ನ ಕಣ್ಣಿಗೆ ಅಷ್ಟೇ ದೊಡ್ಡದು. ಪಕ್ಕದ ಬೆರಳುಗಳ ಅಂಚು ನಯವಾಗಿದೆ. ಭಾನುವಾರ ಎರಡೂ ಫಿಲಂ ತರುತ್ತೇನೆ. ಯಾರು ಯಾವುದಕ್ಕೆ ಎಷ್ಟು ಅಂಕ ಹಾಕುತ್ತೀರಿ ನೋಡೋಣ, ಯಾವುದು ಮೊದಲನೆಯದು ಅಂತ ಮಾತ್ರ ನಾನು ಹೇಳುವುದಿಲ್ಲ.