ರಿವರ್ಬ್ ಎಷ್ಟಿಡಬೇಕು? ಮೊದಲು ಒಂದು ಚಪ್ಪಾಳೆ ತಟ್ಟಿ

ಪ್ರಶ್ನೆ: ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಿಟಾರ್ ನುಡಿಸುವಾಗ ಸೊಗಸಾಗಿ ಕೇಳಿಸುವ ರಿವರ್ಬ್ (ನಾದ ನಿಂತ ಮೇಲೂ ಉಳಿಯುವ ಅನುರಣನ), ಮದುವೆ ಛತ್ರದ ವೇದಿಕೆ ಹತ್ತಿದರೆ ಕಲಸುಮೇಲೋಗರವಾಗುತ್ತದೆ. ನಾದಕ್ಕೆ ರಿವರ್ಬ್ ಸೇರಿಸುವ ಪೆಡಲ್, ಅಂದರೆ ಪ್ರೊಸೆಸರ್‌ನಲ್ಲಿ ಯಾವ ಸೆಟ್ಟಿಂಗ್ ಇಡಬೇಕು?

ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಅವಸರದಲ್ಲಿರುವವರು ಇಷ್ಟು ಓದಿ ಹೊರಡಬಹುದು: ರೂಮ್ ಅಥವಾ ಪ್ಲೇಟ್ ಎಂಬ ಬಗೆ ಆರಿಸಿ, ಡಿಕೇ (ಅನುರಣನ ಆರಲು ಹಿಡಿಯುವ ಕಾಲ) ಒಂದು ಸೆಕೆಂಡಿನ ಆಸುಪಾಸು, ಮಿಕ್ಸ್ (ಮೂಲ ನಾದಕ್ಕೆ ಬೆರೆಸುವ ರಿವರ್ಬಿನ ಪಾಲು) ಶೇ 15, ಲೋ ಕಟ್ (ಇದಕ್ಕಿಂತ ಕೆಳಗಿನ ಮಂದ್ರ ನಾದವನ್ನು ರಿವರ್ಬಿನಿಂದ ಕತ್ತರಿಸುವುದು) 200 ಹರ್ಟ್ಸ್. ಅಲ್ಲಿಂದ ಮುಂದೆ ನಿಮ್ಮ ಕಿವಿ.

ಆದರೆ ಹೊರಡುವವರು ಕಡಿಮೆ. “ಜಾಗ ದೊಡ್ಡದಿದೆ ಸರ್, ಅದಕ್ಕೇ ಹಾಲ್ ಹಾಕಿದೆ” ಎನ್ನುವವರೇ ಹೆಚ್ಚು. ಹಾಲ್ ಎಂಬ ಪ್ರೀಸೆಟ್ (ದೊಡ್ಡ ಸಭಾಂಗಣದ ಅನುರಣನ ಕೊಡುವ ಸಿದ್ಧ ಸೆಟ್ಟಿಂಗ್) ಇರುವುದು ಹಾಲ್ ಇಲ್ಲದವರಿಗಾಗಿ! ಛತ್ರದಲ್ಲಿ ಅದು ಪುಕ್ಕಟೆಯಾಗಿಯೇ ಸಿಗುತ್ತದೆ: ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಸೂರು. ಅದರೊಳಗೆ ಪೆಡಲಿನ ಹಾಲನ್ನೂ ಸುರಿದರೆ ಸಾರಿಗೆ ಎರಡು ಸಲ ಉಪ್ಪು ಬಿದ್ದಂತೆಯೇ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ. ಡಿಕೇ ಎಂದರೆ ನಾದ 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಎರಡು ಬಡಿತಕ್ಕೊಮ್ಮೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾದರೆ ಪ್ರತಿ ಕಾರ್ಡಿಗೆ ದಕ್ಕುವುದು ಒಂದೇ ಸೆಕೆಂಡ್. ಡಿಕೇ ಮೂರು ಸೆಕೆಂಡಿಗಿಟ್ಟರೆ ಹೊಸ ಕಾರ್ಡಿನ ಮೇಲೆ ಹಳೆಯ ಎರಡು ಕಾರ್ಡುಗಳ ಬಾಲ ಹೊರಳಾಡುತ್ತಿರುತ್ತದೆ. ಜೊತೆಗೆ ಛತ್ರದ್ದೇ ಬಾಲ ಬೇರೆ. ಹೆಡ್‌ಫೋನಿನಲ್ಲಿ ಗೋಡೆಗಳೇ ಇಲ್ಲ, ಹಾಗಾಗಿ ಅಲ್ಲಿ ಕಿವಿ ಇನ್ನಷ್ಟು, ಮತ್ತಷ್ಟು ಎಂದು ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನಿನಲ್ಲಿ ಮಾಡಿದ ಪ್ಯಾಚನ್ನು (ಉಳಿಸಿಟ್ಟ ಸೆಟ್ಟಿಂಗನ್ನು) ಹಾಗೆಯೇ ವೇದಿಕೆಗೆ ತರಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಗಂಟಲು ಒಣಗಿದೆ. ಈಗ ಅವರು ಛತ್ರಕ್ಕೆ ಕಾಲಿಟ್ಟೊಡನೆ ಚಪ್ಪಾಳೆ ತಟ್ಟಿ ಕಿವಿಗೊಡುತ್ತಾರೆ. ಶಬ್ದ ಉಳಿದುಕೊಂಡರೆ ಪೆಡಲಿನ ರಿವರ್ಬ್ ಇಳಿಯುತ್ತದೆ. (ಜನ ತುಂಬಿದರೆ ಮೈ, ರೇಷ್ಮೆ ಸೀರೆಗಳೆಲ್ಲ ನಾದವನ್ನು ಹೀರುತ್ತವೆ. ಅವರು ಊಟಕ್ಕೆ ಎದ್ದ ಕೂಡಲೇ ಛತ್ರ ಮತ್ತೆ ಮೊಳಗುತ್ತದೆ. ಅದನ್ನೂ ನೆನಪಿಡಿ.)

ಪ್ರಿ-ಡಿಲೇ (ಮೀಟಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಅಂತರ) 20 ಮಿಲಿಸೆಕೆಂಡ್ ಇಟ್ಟರೆ ಮೀಟು ಸ್ಪಷ್ಟವಾಗಿ ಮುಂದೆ ನಿಲ್ಲುತ್ತದೆ. ಪರಿಣಾಮಗಳ ಸಾಲಿನಲ್ಲಿ ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವುದು) ಮೊದಲು, ರಿವರ್ಬ್ ಕೊನೆಗೆ.

ಪ್ಲೇಟ್ ಎಂದರೆ ಊಟದ ತಟ್ಟೆಯೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ಹಾಳೆಯೊಂದನ್ನು ಚೌಕಟ್ಟಿಗೆ ಬಿಗಿದು, ಅದನ್ನು ಕಂಪಿಸಿ ಅನುರಣನ ಪಡೆಯಿತು. ಆ ಯಂತ್ರದ ತೂಕ ಕಾಲು ಟನ್ನಿಗೂ ಹೆಚ್ಚು. ಗಿಟಾರ್ ವಾದಕರಿಗೆ ಹತ್ತಿರವಾದದ್ದು ಸ್ಪ್ರಿಂಗ್, ಅಂದರೆ ಹಾಳೆಯ ಬದಲು ಸ್ಪ್ರಿಂಗುಗಳನ್ನು ಕಂಪಿಸಿ ಪಡೆಯುವ ಅನುರಣನ. ಗಿಟಾರ್, ಆಂಪ್ಲಿಫೈಯರ್ (ಆಂಪ್) ತಯಾರಿಸುವ ಫೆಂಡರ್ ಕಂಪನಿ 1961ರಲ್ಲಿ ಅದನ್ನು ಪ್ರತ್ಯೇಕ ಪೆಟ್ಟಿಗೆಯಾಗಿ ಮಾರಿತು, 1963ರ ವೈಬ್ರೋವರ್ಬ್‌ನಲ್ಲಿ ಆಂಪಿನೊಳಗೇ ಕೂರಿಸಿತು. ಅಂಥ ಆಂಪನ್ನು ಯಾರಾದರೂ ಎಡವಿದರೆ ಒಳಗಿನ ಸ್ಪ್ರಿಂಗುಗಳು ಅಲ್ಲಾಡಿ ಸ್ಪೀಕರಿನಿಂದ ಗುಡುಗು ಹೊರಡುತ್ತದೆ. ನಿಮ್ಮ ಪ್ರೊಸೆಸರಿನ ಸ್ಪ್ರಿಂಗ್ ಬರೀ ಲೆಕ್ಕಾಚಾರ, ಒದ್ದರೂ ಗುಡುಗುವುದಿಲ್ಲ.